ಅಳಿವೆ ದಾಟುವ ಮುನ್ನ: ಸಣ್ಣ ದೋಣಿಯವರು ಕಡಲನ್ನು ಅಳೆಯುವುದು ಹೇಗೆ?

ಗಂಗೊಳ್ಳಿ, ಕೋಡಿ ಬೆಂಗ್ರೆ, ಮಂಗಳೂರಿನ ಹಳೆ ಬಂದರು ಮುಂತಾದೆಡೆ ದೋಣಿಗಳು ಕಡಲು ಸೇರಬೇಕಾದರೆ ಅಳಿವೆಯನ್ನೇ, ಅಂದರೆ ನದಿ ಕಡಲಿಗೆ ಸೇರುವ ಬಾಯಿಯನ್ನೇ, ದಾಟಬೇಕು. ಇಂಥ ಕಡೆ ಹವಾಮಾನದ ಮುನ್ಸೂಚನೆಯನ್ನು ಉಬ್ಬರ ಇಳಿತದ ವೇಳೆಯೊಂದಿಗೆ ಕೂಡಿಸಿ ಓದದಿದ್ದರೆ ಓದಿದ್ದು ಅರ್ಧವೇ ಆಗುತ್ತದೆ.

ಹೊರಡುವ ಹಿಂದಿನ ಸಂಜೆ ಒಮ್ಮೆ, ದೋಣಿ ಇಳಿಸುವ ಮುನ್ನ ಮತ್ತೊಮ್ಮೆ, ಹವಾಮಾನ ಇಲಾಖೆಯು ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಕಡಲ ಮುನ್ಸೂಚನೆಯನ್ನೂ ನೋಡಿಕೊಳ್ಳಿ. ಗಾಳಿಯ ವೇಗ ಗಂಟೆಗೆ 45 ಕಿ.ಮೀ. ದಾಟುವ ಸೂಚನೆಯಿದ್ದರೆ, ದಡದಲ್ಲಿ ಎಷ್ಟೇ ಬಿಸಿಲಿರಲಿ, ಆ ದಿನ ಇಳಿಯಬಾರದು. ವೇಗವನ್ನು ನಾಟ್‌ನಲ್ಲಿ ಕೊಟ್ಟಿದ್ದರೆ ಒಂದು ನಾಟ್ ಗಂಟೆಗೆ 1.85 ಕಿ.ಮೀ.ಗೆ ಸಮ.

ಮುಂದಿನದು ಅಲೆಯ ಎತ್ತರ. ಮುನ್ಸೂಚನೆಯಲ್ಲಿ 2 ಮೀಟರ್ ಎಂದಿದ್ದರೆ ಅದು ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಎತ್ತರ ಮಾತ್ರ. ನಡುವೆ ಒಂದೊಂದು ಅಲೆ ಅದರ ಇಮ್ಮಡಿಯ ಸಮೀಪಕ್ಕೂ ಏರುವುದುಂಟು. ಎರಡು ಅಲೆಗಳ ನಡುವಿನ ಅವಧಿಯನ್ನೂ ತಪ್ಪದೆ ಗಮನಿಸಬೇಕು. ಅದು 15 ಸೆಕೆಂಡ್ ಮೀರಿದ್ದರೆ ದಕ್ಷಿಣ ಹಿಂದೂ ಮಹಾಸಾಗರದಂಥ ದೂರದ ಬಿರುಗಾಳಿಯಿಂದ ಹೊರಟ ಅಲೆಗಳು ಬರುತ್ತಿವೆ ಎಂದು ತಿಳಿಯಬೇಕು. ಇವು ಆಳ ನೀರಿನಲ್ಲಿ ಕಣ್ಣಿಗೆ ಬೀಳದಷ್ಟು ತಗ್ಗಾಗಿ ಸಾಗಿ, ನೀರು ಕಡಿಮೆಯಾದಲ್ಲಿ ಒಮ್ಮೆಲೇ ಎದ್ದು ನಿಲ್ಲುತ್ತವೆ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಿರುವುದು ಅಳಿವೆಯಲ್ಲೇ. ಇಳಿತದ ಹೊತ್ತಿನಲ್ಲಿ ನದಿಯ ನೀರು ರಭಸದಿಂದ ಹೊರಕ್ಕೆ ಹರಿಯುತ್ತದೆ. ಅದಕ್ಕೆ ಎದುರಾಗಿ ಬರುವ ಅಲೆಗಳು ಒತ್ತೊತ್ತಾಗಿ, ಕಡಿದಾಗಿ, ಮರಳದಿಬ್ಬದ ಮೇಲೆ ಮುರಿದು ಬೀಳುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಸೆಳೆತ ಹೆಚ್ಚು, ಘಟ್ಟದಲ್ಲಿ ಮಳೆ ಸುರಿದು ಹೊಳೆ ತುಂಬಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ನೀರು ಏರುತ್ತಿರುವಾಗ ಅಥವಾ ಏರಿ ನಿಂತಾಗ ದಾಟುವುದೇ ಕ್ಷೇಮ. ಬೆಳಗಿನ ಹೊರಡುವಿಕೆಗೆ ಮಾತ್ರವಲ್ಲ, ಮರಳುವ ಹೊತ್ತಿಗೂ ಇದೇ ಲೆಕ್ಕ ಹಾಕಿಕೊಂಡಿರಬೇಕು. ಒಳಗೆ ಬರುವಾಗ ಹೊರಗೇ ನಿಂತು ನೊರೆ ಏಳುವ ಜಾಗವನ್ನು ಗುರುತಿಸಿ, ದೊಡ್ಡ ಅಲೆಗಳ ಸಾಲು ಕಳೆದ ಮೇಲೆ, ಒಂದು ಅಲೆಯ ಬೆನ್ನ ಮೇಲೆಯೇ ಅದರ ವೇಗಕ್ಕೆ ಹೊಂದಿಕೊಂಡು ಬರಬೇಕು. ಅವಸರಪಟ್ಟು ಅದರ ನೆತ್ತಿ ದಾಟಿದರೆ ದೋಣಿಯ ಮುಂಭಾಗ ನೀರಿಗೆ ಹೂತುಹೋಗುತ್ತದೆ, ಅಡ್ಡ ತಿರುಗಿದರೆ ಮಗುಚುತ್ತದೆ. ಒಳಗೆ ಬರಲಾಗದಷ್ಟು ಅಲೆಯಿದ್ದರೆ ಹೊರಗೇ ಕಾಯುವುದು ಅಥವಾ ಬೇರೆ ಬಂದರಿಗೆ ಹೋಗುವುದು ಮೇಲು. ಅದಕ್ಕೆ ಬೇಕಾದಷ್ಟು ಹೆಚ್ಚುವರಿ ಇಂಧನ ದೋಣಿಯಲ್ಲಿ ಇದ್ದೇ ಇರಬೇಕು.

ಲೈಫ್ ಜಾಕೆಟ್ ಮೂಲೆಯಲ್ಲಿ ಬಿದ್ದಿದ್ದರೆ ಪ್ರಯೋಜನವಿಲ್ಲ; ಅಳಿವೆ ದಾಟುವ ಮೊದಲೇ ಎಲ್ಲರೂ ತೊಟ್ಟು ಪಟ್ಟಿ ಬಿಗಿದಿರಬೇಕು. ಎಂಜಿನ್ ಕೆಟ್ಟರೆ ದೋಣಿಯ ಮುಂಭಾಗದಿಂದಲೇ ಲಂಗರು ಬಿಡಿ. ಆಗ ದೋಣಿ ಅಲೆಗೆ ಎದುರಾಗಿ ನಿಲ್ಲುತ್ತದೆ. ವಿ.ಎಚ್.ಎಫ್. ರೇಡಿಯೊ ಸೆಟ್ ಇದ್ದರೆ 16ನೇ ಚಾನೆಲ್‌ನಲ್ಲಿ, ಮೊಬೈಲ್ ಸಿಗ್ನಲ್ ಇದ್ದರೆ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ, ಇರುವ ಜಾಗ ಮತ್ತು ಜನರ ಸಂಖ್ಯೆಯನ್ನು ಮೊದಲು ಹೇಳಿ. ದೋಣಿ ಮಗುಚಿದರೆ ದಡ ಹತ್ತಿರ ಕಂಡರೂ ಈಜಲು ಹೊರಡದೆ ಅದನ್ನೇ ಹಿಡಿದುಕೊಂಡಿರಿ, ಏಕೆಂದರೆ ಹುಡುಕಿ ಬರುವವರಿಗೆ ಅಲೆಗಳ ನಡುವೆ ಒಂದು ತಲೆಗಿಂತ ದೋಣಿಯ ತಳ ಬೇಗ ಕಾಣುತ್ತದೆ.