ಮೇ ತಿಂಗಳ ಬಿಸಿಲು, ಹಳೆ ಮಿನಿ ಟ್ರ್ಯಾಕ್ಟರ್: ಎಂಜಿನ್ ಕಾಯದಂತೆ ನಾನು ಮಾಡಿಕೊಂಡ ವ್ಯವಸ್ಥೆ

ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ನಮ್ಮ ತೋಟದಲ್ಲಿ ನಿಂಬೆ ಇದೆ, ಒಂದಿಷ್ಟು ಪೇರಲ ಇದೆ. ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ತಿರುಗಿಸಿದರೆ ಕೊಂಬೆ ಮುರಿಯುತ್ತವೆ. ಅದಕ್ಕೇ 18 ಎಚ್‌ಪಿಯ ಹಳೆ ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದೇನೆ. ಮೂರು ಸಿಲಿಂಡರಿನ ಡೀಸೆಲ್ ಎಂಜಿನ್, ಎಂಜಿನ್ನಿನ ಬಿಸಿ ನೀರನ್ನು ಗಾಳಿಯಿಂದ ತಣಿಸುವ ರೇಡಿಯೇಟರ್ ಇರುವಂಥದ್ದು. ನನ್ನ ಕೈಗೆ ಬರುವಾಗಲೇ ಅದಕ್ಕೆ ವಯಸ್ಸಾಗಿತ್ತು. ಚಳಿಗಾಲದಲ್ಲಿ ಇಡೀ ದಿನ ಮಣ್ಣು ಪುಡಿ ಮಾಡುವ ರೊಟಾವೇಟರ್ ಹೊಡೆದರೂ ಶಾಖದ ಮೀಟರಿನ ಮುಳ್ಳು ಅಲುಗುತ್ತಿರಲಿಲ್ಲ. ಏಪ್ರಿಲ್ ಬಂತು ಅಂದರೆ ಅರ್ಧ ಎಕರೆ ಮುಗಿಯುವುದರೊಳಗೆ ಕೆಂಪಿಗೆ ಏರುತ್ತಿತ್ತು.

ಎಲ್ಲರೂ ಬಿಸಿಲನ್ನೇ ಬೈದರು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಕಲಬುರಗಿ ಕಡೆ ಮಾಮೂಲು, ಹಾಗಾಗಿ ಬೈಯುವುದು ತಪ್ಪೇನಲ್ಲ. ಆದರೂ ನಾನು ಒಂದು ಸಣ್ಣ ಲೆಕ್ಕ ಹಾಕಿದೆ. ರೇಡಿಯೇಟರ್ ಒಳಗಿನ ನೀರು 90 ಡಿಗ್ರಿ ಇದೆ ಅಂದುಕೊಳ್ಳಿ. ಹೊರಗಿನ ಗಾಳಿ 30 ಇದ್ದಾಗ ಅಂತರ 60. ಗಾಳಿ 42 ಆದರೆ ಅಂತರ 48. ಅಂತರ ಎಷ್ಟು ಕಡಿಮೆಯೋ ಶಾಖ ಹೊರಗೆ ಹೋಗುವುದೂ ಅಷ್ಟು ಕಡಿಮೆ. ಅಂದರೆ ಬೇಸಿಗೆ ಕಸಿದುಕೊಳ್ಳುವುದು ಐದರಲ್ಲಿ ಒಂದು ಪಾಲು ಮಾತ್ರ. ಚೆನ್ನಾಗಿರುವ ಎಂಜಿನ್ ಅಷ್ಟನ್ನು ತಡೆದುಕೊಳ್ಳುತ್ತದೆ. ನನ್ನದು ತಡೆಯುತ್ತಿಲ್ಲ ಅಂದರೆ ಇನ್ನೊಂದು ಪಾಲು ಎಲ್ಲೋ ಮೊದಲೇ ಹೋಗಿದೆ. ಚಳಿಗಾಲದಲ್ಲಿ ಅದು ಕಾಣದೇ ಇತ್ತು, ಅಷ್ಟೇ. ಅದನ್ನು ಹುಡುಕಲು ಕೂತೆ.

ಮೊದಲು ರೇಡಿಯೇಟರ್ ಜಾಲಿ. ನಮ್ಮ ಎರೆ ಮಣ್ಣಿನ ಧೂಳು ಹಿಟ್ಟಿನ ಹಾಗೆ ಇರುತ್ತದೆ. ಅದರ ಜೊತೆಗೆ ಒಣ ಎಲೆ, ತೊಗರಿ ಹೊಟ್ಟು. ಎಂಜಿನ್ನಿನಿಂದ ಸ್ವಲ್ಪ ಆಯಿಲ್ ಒಸರಿದರೂ ಸಾಕು, ಎಲ್ಲಾ ಸೇರಿ ಗಟ್ಟಿ ಮೆತ್ತೆಯಾಗುತ್ತದೆ. ಮುಂದಿನಿಂದ ನೋಡಿದರೆ ಜಾಲಿ ಸ್ವಚ್ಛವಾಗಿಯೇ ಕಾಣುತ್ತದೆ. ಹಿಂದಿನಿಂದ ಬ್ಯಾಟರಿ ಬೆಳಕು ಬಿಟ್ಟು ಮುಂದೆ ನಿಂತು ನೋಡಬೇಕು. ನನ್ನದರ ಕೆಳಗಿನ ಭಾಗದಲ್ಲಿ ಬೆಳಕೇ ಬರಲಿಲ್ಲ. ಬಟ್ಟೆ ಒಗೆಯುವ ಪುಡಿ ಕರಗಿಸಿದ ನೀರು ಸಿಂಪಡಿಸಿ ನೆನೆಯಲು ಬಿಟ್ಟೆ. ಆಮೇಲೆ ಫ್ಯಾನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟೆ. ದಿಕ್ಕು ಮುಖ್ಯ: ಕಸ ಮುಂದಿನಿಂದ ಒಳಗೆ ಬಂದಿದೆ, ಬಂದ ದಾರಿಯಲ್ಲೇ ಅದನ್ನು ಹೊರಗೆ ತಳ್ಳಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಷರ್ ಬೇಡ. ತೆಳು ಫಿನ್ನುಗಳು ಮಡಚಿಕೊಂಡರೆ ಗಾಳಿಯ ದಾರಿ ಮತ್ತೆ ಮುಚ್ಚುತ್ತದೆ. ಮುಂದೆ ಸೊಳ್ಳೆ ಜಾಲರಿ ಕಟ್ಟುವವರೂ ಇದ್ದಾರೆ. ಅಷ್ಟು ಸಣ್ಣ ಕಣ್ಣಿನ ಜಾಲರಿ ತಾನೇ ಗಾಳಿ ತಡೆಯುತ್ತದೆ. ನಾನು ಸ್ವಲ್ಪ ಅಗಲ ಕಣ್ಣಿನದು ಹಾಕಿದ್ದೇನೆ, ಸಾಲು ತಿರುಗುವಾಗ ಒಮ್ಮೊಮ್ಮೆ ಇಳಿದು ಕೈಯಿಂದ ಸವರುತ್ತೇನೆ.

ಫ್ಯಾನ್ ಸುತ್ತಲಿನ ತಗಡಿನ ಕವರನ್ನು ಹಿಂದಿನವರು ಬಿಚ್ಚಿಟ್ಟಿದ್ದರು. ಅದಿಲ್ಲದಿದ್ದರೆ ಫ್ಯಾನು ಜಾಲಿಯ ಮೂಲಕ ಗಾಳಿ ಎಳೆಯುವ ಬದಲು ಪಕ್ಕದ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ತಗಡು ಕತ್ತರಿಸಿ ಹೊಸದು ಮಾಡಿಸಿದೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ 10-12 ಮಿಲಿಮೀಟರ್ ತಗ್ಗಬೇಕು. ಅದಕ್ಕಿಂತ ಜಾಸ್ತಿ ಸಡಿಲವಿದ್ದರೆ ಫ್ಯಾನೂ ವಾಟರ್ ಪಂಪೂ ಎರಡೂ ನಿಧಾನ.

ಇನ್ನು ನೀರಿನ ವಿಷಯ. ನಮ್ಮ ಕಡೆಯವರು ಇದನ್ನು ಗಮನವಿಟ್ಟು ಓದಬೇಕು. ಶಹಾಬಾದ್, ವಾಡಿ, ಸೇಡಂ ಸುತ್ತ ನೆಲದೊಳಗೆ ಇರುವುದು ಸುಣ್ಣದ ಕಲ್ಲು. ನಾವು ಮನೆಗೆ ಹಾಸುವ ಫರಸಿಯೂ ಅದೇ, ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕೇ. ಬೋರಿನ ನೀರಿನಲ್ಲಿ ಆ ಸುಣ್ಣ ಕರಗಿರುತ್ತದೆ. ನೀರು ಕಾದಾಗ ಅದು ಬೇರೆಯಾಗಿ ಬಿಳಿ ಪದರವಾಗಿ ಅಂಟುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ದಿನಾ ನೋಡುತ್ತೇವಲ್ವಾ, ಎಂಜಿನ್ ಒಳಗೂ ಅದೇ ಆಗುತ್ತದೆ. ಈ ಪದರ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ವರ್ಷಗಟ್ಟಲೆ ಬೋರ್ ನೀರು ಕುಡಿದ ಹಳೆ ಎಂಜಿನ್ನಿನಲ್ಲಿ ಅದು ಎಷ್ಟು ದಪ್ಪ ಕೂತಿರುತ್ತದೋ ಯೋಚಿಸಿ.

ಅದನ್ನು ತೆಗೆಯಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಲೀಟರ್ ನೀರಿಗೆ ಸುಮಾರು 50 ಗ್ರಾಂ ಕರಗಿಸಿದೆ. ಮೊದಲು ಹಳೆ ನೀರು ಪೂರ್ತಿ ಇಳಿಸಬೇಕು. ಎಷ್ಟೋ ಜನ ರೇಡಿಯೇಟರ್ ಕೆಳಗಿನ ನಲ್ಲಿ ಮಾತ್ರ ಬಿಚ್ಚುತ್ತಾರೆ. ಎಂಜಿನ್ ಬ್ಲಾಕಿನ ಪಕ್ಕದಲ್ಲೂ ಒಂದು ಡ್ರೈನ್ ಪ್ಲಗ್ ಇರುತ್ತದೆ. ನನ್ನದನ್ನು ಬಿಚ್ಚಿದಾಗ ಒಂದು ಹನಿಯೂ ಬರಲಿಲ್ಲ, ತಂತಿ ಹಾಕಿ ಕೆದಕಿದ ಮೇಲೆ ತುಕ್ಕಿನ ಕೆಸರು ಬಂತು. ನೀರು ಕಾದ ಮೇಲಷ್ಟೇ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ತೆಗೆದಿಟ್ಟು, ನಿಂಬೆ ಉಪ್ಪಿನ ನೀರು ತುಂಬಿ, ಅರ್ಧ ಗಂಟೆ ಎಂಜಿನ್ ಓಡಿಸಿದೆ. ತಣ್ಣಗಾದ ಮೇಲೆ ಇಳಿಸಿದರೆ ಚಹಾದ ಬಣ್ಣ. ಆಮೇಲೆ ಅಡುಗೆ ಸೋಡಾ ಹಾಕಿದ ನೀರು, ಕೊನೆಗೆ ತಿಳಿ ಬರುವವರೆಗೆ ಬರೀ ನೀರು. ನನ್ನದು ತಾಮ್ರ-ಹಿತ್ತಾಳೆಯ ಹಳೆ ರೇಡಿಯೇಟರ್. ಅಲ್ಯೂಮಿನಿಯಂ ಇದ್ದರೆ ಹುಳಿ ತಿನ್ನುವ ಭಯವಿದೆ, ಈ ಕೆಲಸಕ್ಕೆ ಕೈ ಹಾಕಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸುಣ್ಣದ ಪದರವೇ ಎಷ್ಟೋ ಸಣ್ಣ ತೂತುಗಳನ್ನು ಮುಚ್ಚಿಕೊಂಡಿರುತ್ತದೆ. ಪದರ ಹೋದ ಮೇಲೆ ಸೋರಲು ಶುರುವಾದರೆ ಗಾಬರಿ ಬೇಡ. ತೂತು ಮೊದಲೇ ಇತ್ತು. ನನ್ನದರಲ್ಲೂ ಕೆಳಗಿನ ಮೂಲೆಯಲ್ಲಿ ಒಂದು ಕಡೆ ಹನಿಯಿತು, ಬೆಸುಗೆ ಹಾಕಿಸಿದೆ.

ಈಗ ಬೋರ್ ನೀರು ಹತ್ತಿರವೂ ತರುವುದಿಲ್ಲ. ಬ್ಯಾಟರಿಗೆ ಹಾಕುವ ನೀರು ಅರ್ಧ, ಕೂಲೆಂಟ್ ಅರ್ಧ, ಹೊರಗೇ ಬೆರೆಸಿ ಹಾಕುತ್ತೇನೆ. ಕೂಲೆಂಟ್ ಚಳಿ ದೇಶದವರಿಗೆ ಅಂತ ಇಲ್ಲಿ ಕೆಲವರು ಹೇಳುತ್ತಾರೆ. ಆದರೆ ಅದು ನೀರು ಕುದಿಯುವ ಮಟ್ಟವನ್ನೂ ಮೇಲಕ್ಕೇರಿಸುತ್ತದೆ, ತುಕ್ಕನ್ನೂ ತಡೆಯುತ್ತದೆ. ಒಂದು ಎಚ್ಚರಿಕೆ: ಅದು ವಿಷ, ರುಚಿ ಸಿಹಿ. ಇಳಿಸಿದ್ದನ್ನು ತೆರೆದ ಪಾತ್ರೆಯಲ್ಲಿ ಬಿಟ್ಟರೆ ನಾಯಿ, ಆಡು ನೆಕ್ಕಿ ಸಾಯುತ್ತವೆ.

ರೇಡಿಯೇಟರ್ ಕ್ಯಾಪ್ ಸುಮ್ನೆ ಒಂದು ಮುಚ್ಚಳ ಅನ್ನಿಸುತ್ತದೆ. ಅದರ ಸ್ಪ್ರಿಂಗು ಒಳಗೆ ಒತ್ತಡ ಹಿಡಿದಿಡುತ್ತದೆ. 0.9 ಬಾರ್ ಕ್ಯಾಪ್ ಸರಿಯಾಗಿದ್ದರೆ ಬರೀ ನೀರೂ 118 ಡಿಗ್ರಿಯ ತನಕ ಕುದಿಯುವುದಿಲ್ಲ. ರಬ್ಬರ್ ಬಿರುಕು ಬಿಟ್ಟಿದ್ದರೆ ಆ ಲಾಭವೆಲ್ಲಾ ಹೋಯಿತು. ಅದೇ ಅಳತೆಯ ಹೊಸ ಕ್ಯಾಪ್ ತಂದು ಹಾಕಿದೆ, ಖರ್ಚೂ ಕಡಿಮೆ.

ಥರ್ಮೋಸ್ಟಾಟ್ ವಾಪಸ್ ಹಾಕುವಾಗ ಮೆಕ್ಯಾನಿಕ್ ಹುಡುಗ ತಡೆದ. "ಅಣ್ಣಾರ, ಬ್ಯಾಸಿಗ್ಯಾಗ ಇದು ಯಾಕ್ ಬೇಕ್ರಿ? ತಗದ್ ಒಗೀರಿ" ಅಂದ. ನಾನು ಒಪ್ಪಲಿಲ್ಲ. ಕಾದ ಎಂಜಿನ್ನಿನಲ್ಲಿ ಅದು ಹೇಗೂ ಪೂರ್ತಿ ತೆರೆದೇ ಇರುತ್ತದೆ. ತೆಗೆದರೆ ಬೇಸಿಗೆಯಲ್ಲಿ ಲಾಭ ಕಡಿಮೆ, ಚಳಿಗಾಲದಲ್ಲಿ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಜಾಸ್ತಿ ಕುಡಿದು ಬೇಗ ಸವೆಯುತ್ತದೆ. ಅನುಮಾನವಿದ್ದರೆ ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿ ನೋಡಿ. ನನ್ನದರ ಮೇಲೆ 82 ಎಂದು ಕೆತ್ತಿದೆ, ಅದರ ಆಸುಪಾಸಿನಲ್ಲೇ ಬಾಯಿ ತೆರೆಯಿತು. ತೆರೆಯದಿದ್ದರೆ ಹೊಸದು ಹಾಕಿ.

ಇಷ್ಟು ಮಾಡಿದ ಮೇಲೂ ಕೆಲಸದ ಹೊತ್ತು ಬದಲಿಸಿದ್ದೇನೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ನಾನು ಇನ್ನೂ ಬೇಗ, ಬೆಳಕು ಹರಿಯುತ್ತಲೇ ಶುರು ಮಾಡಿ ಹತ್ತರೊಳಗೆ ನಿಲ್ಲಿಸುತ್ತೇನೆ. ರೊಟಾವೇಟರ್ ಆಳ ಕಡಿಮೆ, ಗೇರ್ ಒಂದು ಕೆಳಗೆ. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ಮುಳ್ಳಿನ ಮೇಲೆ ಹೆಚ್ಚು ಕಣ್ಣಿಡುತ್ತೇನೆ, ಆಗ ಜಾಲಿಗೆ ಗಾಳಿ ಸಾಲದು.

ಮುಳ್ಳು ಏರಿದರೆ ತಕ್ಷಣ ಬಂದ್ ಮಾಡುವುದಿಲ್ಲ. ಬಂದ್ ಮಾಡಿದರೆ ಪಂಪು, ಫ್ಯಾನು ಎರಡೂ ನಿಂತು ಒಳಗಿನ ಶಾಖ ಅಲ್ಲೇ ಉಳಿಯುತ್ತದೆ. ರೊಟಾವೇಟರ್ ಎತ್ತಿ, ಅದಕ್ಕೆ ಎಂಜಿನ್ ಶಕ್ತಿ ಕೊಡುವ ಪಿಟಿಓ ಬಿಡಿಸಿ, ನೆರಳಲ್ಲಿ ಸ್ವಲ್ಪ ಆಕ್ಸಲರೇಟರ್ ಕೊಟ್ಟು ಓಡಲು ಬಿಡುತ್ತೇನೆ. ಹಬೆ ಬಂದು ನೀರೇ ಖಾಲಿಯಾಗಿದ್ದರೆ ಮಾತ್ರ ಕೂಡಲೇ ಬಂದ್. ಆಗ ಕ್ಯಾಪ್ ಮುಟ್ಟಬಾರದು, ಕುದಿವ ನೀರು ಮುಖಕ್ಕೇ ಚಿಮ್ಮುತ್ತದೆ. ತಣ್ಣೀರು ಸುರಿಯಲೂಬಾರದು, ಎಂಜಿನ್ನಿನ ಮೇಲ್ಭಾಗದ ಹೆಡ್ ಬಿರುಕು ಬಿಡುತ್ತದೆ. ಎಲ್ಲಾ ಸರಿಯಿದ್ದೂ ಕಾಯುತ್ತಿದ್ದರೆ, ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ನೋಡಿ. ಗುಳ್ಳೆಗಳು ಎಡೆಬಿಡದೆ ಬರುತ್ತಿದ್ದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಹಾಕಿರುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಅದು ಮೆಕ್ಯಾನಿಕ್ ಕೆಲಸ.

ನನ್ನ ಟ್ರ್ಯಾಕ್ಟರಿನ ಮುಳ್ಳು ಈಗ ಮೇ ತಿಂಗಳಲ್ಲೂ ಹಸಿರಿನಲ್ಲೇ ಇರುತ್ತದೆ. ಬೆಸುಗೆ ಹಾಕಿದ ಮೂಲೆ ಮತ್ತೆ ಒಸರುವ ಲಕ್ಷಣ ಕಾಣುತ್ತಿದೆ. ಮಳೆ ಹಿಡಿದ ಮೇಲೆ ರೇಡಿಯೇಟರ್ ಇಳಿಸಿ ಜಾಲಿಯನ್ನೇ ಬದಲಾಯಿಸಬೇಕು ಅಂತಿದ್ದೇನೆ.