ಪ್ರವೇಶದ ವ್ಯಾಜ್ಯ, ಸ್ವಾಯತ್ತತೆಯ ಮಿತಿ: ರಾಯಚೂರಿನಲ್ಲಿ ನನ್ನ ಅನುಭವ

ರಾಯಚೂರಿನಲ್ಲಿ ವಕೀಲಿ ಮಾಡುತ್ತ ಹೈಕೋರ್ಟಿನ ಕಲಬುರಗಿ ಪೀಠದಲ್ಲೂ ಹಾಜರಾಗುವ ನನ್ನ ಬಳಿಗೆ ಕಾಲೇಜು, ವಿಶ್ವವಿದ್ಯಾಲಯಗಳ ಪ್ರವೇಶದ ವ್ಯಾಜ್ಯಗಳು ವರ್ಷದ ಒಂದೇ ಹಂಗಾಮಿನಲ್ಲಿ ಬರುತ್ತವೆ. ಜಮೀನಿನ ದಾವೆ ಮೊಮ್ಮಕ್ಕಳ ಕಾಲದವರೆಗೂ ನಡೆದೀತು, ಆದರೆ ಸೀಟಿನ ಪ್ರಕರಣ ಕೊನೆಯ ಸುತ್ತಿನ ಹಂಚಿಕೆ ಮುಗಿದ ದಿನವೇ ಅರ್ಧ ಸೋತಿರುತ್ತದೆ. ಆದ್ದರಿಂದ ಪೋಷಕರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಸೀಟು ಕೊಡುವುದಿಲ್ಲವೆಂದು ಅವರು ಬರೆದು ಕೊಟ್ಟಿದ್ದಾರೆಯೇ?

ಲಿಂಗಸುಗೂರು ತಾಲ್ಲೂಕಿನ ಒಂದು ಕುಟುಂಬದ ಪ್ರಕರಣವನ್ನು ಇಲ್ಲಿ ಹೇಳುತ್ತೇನೆ. ತಂದೆತಾಯಿ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋದಾಗ ಮಗಳನ್ನೂ ಜೊತೆಗೆ ಕರೆದೊಯ್ದಿದ್ದರು. ಆಕೆಯ ಪ್ರೌಢಶಾಲೆ ಅಲ್ಲಿಯೇ ಆಯಿತು. ಪದವಿ ಮುಗಿಸಿದ ಆಕೆ ನಮ್ಮ ಭಾಗದ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ಸೀಟಿಗೆ, ಕಲ್ಯಾಣ ಕರ್ನಾಟಕದ (ಹಿಂದಿನ ಹೈದರಾಬಾದ್ ಕರ್ನಾಟಕ) ಸ್ಥಳೀಯರಿಗಿರುವ 371(ಜೆ) ಮೀಸಲಾತಿಯಡಿ ಅರ್ಜಿ ಹಾಕಿದಳು. ಸಹಾಯಕ ಆಯುಕ್ತರು ನೀಡಿದ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ ಕೈಯಲ್ಲಿತ್ತು. ಆದರೂ ದಾಖಲೆ ಪರಿಶೀಲನೆಯ ಮೇಜಿನಲ್ಲಿ, ಹೈಸ್ಕೂಲು ಈ ಭಾಗದಲ್ಲಿ ಓದಿಲ್ಲವೆಂಬ ಕಾರಣ ಹೇಳಿ ಆಕೆಯ ಹೆಸರನ್ನು ಸ್ಥಳೀಯರ ಪಟ್ಟಿಯಿಂದ ತೆಗೆದರು. ನನ್ನ ಕಚೇರಿಗೆ ಬಂದ ತಂದೆ ಕೇಳಿದ ಮಾತು ಹೀಗಿತ್ತು: "ಸಾಹೇಬ್ರ, ಹೊಟ್ಟಿಪಾಡಿಗೆ ಗುಳೆ ಹೋಗಿದ್ದಕ್ಕ ನನ್ನ ಮಗಳ ಊರು ಬ್ಯಾರೆ ಆತೇನ್ರಿ?"

ಆ ಪ್ರಶ್ನೆಗೆ ಸಂವಿಧಾನದಲ್ಲಿಯೇ ಉತ್ತರವಿದೆ. 2012ರ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ಜನನದಿಂದಾಗಲಿ ವಾಸದಿಂದಾಗಲಿ ಈ ಪ್ರದೇಶಕ್ಕೆ ಸೇರಿದ ವಿದ್ಯಾರ್ಥಿಗಳಿಗೆ ಸೀಟು ಮೀಸಲಿಡಲು ಅವಕಾಶ ಕೊಡುತ್ತದೆ. ಅದರಂತೆ 2013ರಲ್ಲಿ ಹೊರಟ ಆದೇಶವು ಪ್ರದೇಶದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳನ್ನು ಕಾಯ್ದಿರಿಸಿತು. ಹುಡುಗಿ ಹುಟ್ಟಿದ್ದು ಲಿಂಗಸುಗೂರು ತಾಲ್ಲೂಕಿನಲ್ಲಿ. ಶಾಲೆ ಎಲ್ಲಿ ಓದಿದಳೆಂಬ ಷರತ್ತು ವಿಶ್ವವಿದ್ಯಾಲಯದ ಪ್ರವೇಶ ಪ್ರಕಟಣೆಯಲ್ಲೂ ಇರಲಿಲ್ಲ.

ಅಂದೇ ಕುಲಸಚಿವರ ಹೆಸರಿಗೆ ಒಂದು ಪುಟದ ಮನವಿ ಬರೆದು ಕೊಟ್ಟೆ. ಟಪಾಲು ವಿಭಾಗದವರು ಸ್ವೀಕೃತಿಯ ಮೊಹರು ಹಾಕಲು ಒಪ್ಪದಿದ್ದಾಗ ಅದನ್ನೇ ಅಂಚೆಯಲ್ಲೂ ಇಮೇಲಿನಲ್ಲೂ ಕಳುಹಿಸಿದೆವು. ಮಾಹಿತಿ ಹಕ್ಕಿನ ಅರ್ಜಿ ಹಾಕೋಣವೆಂದು ಅವರ ಬಂಧುವೊಬ್ಬರು ಸೂಚಿಸಿದರು. ಉತ್ತರಕ್ಕೆ 30 ದಿನಗಳ ಅವಧಿ ಇರುವ ಆ ದಾರಿಯನ್ನು ಪ್ರವೇಶದ ವಿಷಯದಲ್ಲಿ ನಾನು ಹಿಡಿಯುವುದಿಲ್ಲ. ಕೊನೆಗೆ ಮನವಿಗೆ ಲಿಖಿತ ಉತ್ತರವಾಗಿ ಎರಡು ಸಾಲಿನ ಹಿಂಬರಹ ಬಂತು: ಅಭ್ಯರ್ಥಿಯು 8ರಿಂದ 10ನೇ ತರಗತಿಯನ್ನು ಪ್ರದೇಶದ ಹೊರಗೆ ವ್ಯಾಸಂಗ ಮಾಡಿರುವುದರಿಂದ ಸ್ಥಳೀಯ ಮೀಸಲಾತಿಗೆ ಪರಿಗಣಿಸಲು ಬರುವುದಿಲ್ಲ. ತಂದೆಗೆ ಅದನ್ನು ಓದಿ ಕಣ್ಣು ತುಂಬಿ ಬಂತು, ನನಗೆ ಧೈರ್ಯ ಬಂತು. ಸಾರ್ವಜನಿಕ ಪ್ರಾಧಿಕಾರದ ಆದೇಶವು ಅದರಲ್ಲಿ ಬರೆದ ಕಾರಣದ ಮೇಲೆಯೇ ನಿಲ್ಲಬೇಕು, ನ್ಯಾಯಾಲಯಕ್ಕೆ ಬಂದ ಮೇಲೆ ಅಫಿಡವಿಟ್ಟಿನ ಮೂಲಕ ಹೊಸ ಕಾರಣ ಸೇರಿಸುವಂತಿಲ್ಲ ಎಂಬುದು ಸುಪ್ರೀಂ ಕೋರ್ಟಿನ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಿಂದ ಈಚೆಗೆ ಗಟ್ಟಿಯಾಗಿ ನಿಂತ ತತ್ವ.

ಇಂಥ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲು ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಸಿದ್ಧಪಡಿಸುವಾಗ ಎರಡು ಸಂಗತಿಗಳನ್ನು ನಾನು ಬಿಡುವುದಿಲ್ಲ. ತೀರ್ಪು ಬರುವವರೆಗೆ ಒಂದು ಸೀಟನ್ನು ಭರ್ತಿ ಮಾಡದೆ ಇರಿಸಬೇಕೆಂಬ ಮಧ್ಯಂತರ ಕೋರಿಕೆ ಮೊದಲನೆಯದು. ಅದೇ ವರ್ಗದಲ್ಲಿ ಕೊನೆಯದಾಗಿ ಆಯ್ಕೆಯಾದ ಅಭ್ಯರ್ಥಿಯನ್ನು ಪ್ರತಿವಾದಿಯನ್ನಾಗಿ ಸೇರಿಸುವುದು ಇನ್ನೊಂದು, ಏಕೆಂದರೆ ಆ ಮಗುವಿನ ಮಾತು ಕೇಳದೆ ಅದರ ಸೀಟಿಗೆ ಕುತ್ತು ತರುವುದು ನ್ಯಾಯವಲ್ಲ, ಹಾಗೆ ಪಡೆದ ಆದೇಶ ಮೇಲ್ಮನವಿಯಲ್ಲಿ ಉಳಿಯುವುದೂ ಕಷ್ಟ. ಕೊಪ್ಪಳ, ಬಳ್ಳಾರಿ ಜಿಲ್ಲೆಯವರು ಇದೇ ಅರ್ಜಿಯನ್ನು ಧಾರವಾಡ ಪೀಠದಲ್ಲಿ ಹಾಕುತ್ತಾರೆ. ಉಳಿದ ಕ್ರಮ ಒಂದೇ.

ವಿಶ್ವವಿದ್ಯಾಲಯದ ಪರ ವಕೀಲರು ನಿರೀಕ್ಷೆಯಂತೆ ಸ್ವಾಯತ್ತತೆಯನ್ನು ಮುಂದಿಟ್ಟರು. ಆ ವಾದದ ಬಗ್ಗೆ ನನಗೆ ಗೌರವವಿದೆ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಅನುದಾನರಹಿತ ಸಂಸ್ಥೆಗಳಿಗೂ ವಿದ್ಯಾರ್ಥಿಗಳಿಗೆ ತಾವೇ ಪ್ರವೇಶ ನೀಡುವ ಹಕ್ಕನ್ನು ಮಾನ್ಯ ಮಾಡಿತು, ಆದರೆ ಪ್ರಕ್ರಿಯೆ ನ್ಯಾಯಯುತವೂ ಪಾರದರ್ಶಕವೂ ಆಗಿರಬೇಕೆಂದಿತು. ಉತ್ತರಪತ್ರಿಕೆಯ ಅಂಕ, ಪಠ್ಯಕ್ರಮ, ಸಂದರ್ಶನದ ಮೌಲ್ಯಮಾಪನ ಇವುಗಳನ್ನು ಪ್ರಶ್ನಿಸಲು ಬರುವವರನ್ನು, ದುರುದ್ದೇಶ ಎದ್ದು ಕಾಣದ ಹೊರತು, ನಾನೇ ತಿಳಿಹೇಳಿ ಹಿಂದಕ್ಕೆ ಕಳುಹಿಸುತ್ತೇನೆ.

ನನ್ನ ವಾದಕ್ಕೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಎರಡು ತೀರ್ಪುಗಳು ಆಧಾರವಾದವು; ಎರಡೂ 2020ರ ಸೆಪ್ಟೆಂಬರಿನವು. ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಸಂಸ್ಥೆಯ ಮೇಲೆ ಹೇರಿದ್ದ ಶೇ 25ರ ಸ್ಥಳೀಯ ಮೀಸಲಾತಿಯನ್ನು ಹೈಕೋರ್ಟ್ ರದ್ದುಪಡಿಸಿತು. ಅದಕ್ಕೆ ಕೆಲವೇ ದಿನ ಮೊದಲು, ಅದೇ ಸಂಸ್ಥೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಸಾಮಾನ್ಯ ಪ್ರವೇಶ ಪರೀಕ್ಷೆಯಿಂದ (ಕ್ಲಾಟ್) ಹೊರಬಂದು ಪ್ರತ್ಯೇಕವಾಗಿ ನಡೆಸಿದ್ದ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. ವಿದ್ವತ್ ಪರಿಷತ್ತಿನ ಶಿಫಾರಸು ಪಡೆಯದೆ ಪ್ರಕಟಣೆ ಹೊರಡಿಸಿದ್ದು, ಆ ಒಕ್ಕೂಟದ ನಿಯಮಗಳಿಗೆ ಬದ್ಧವಾಗಿರದಿದ್ದುದು ಅದರ ಕಾರಣಗಳಲ್ಲಿ ಸೇರಿದ್ದವು. ಸರ್ಕಾರದ ಹಸ್ತಕ್ಷೇಪದಿಂದ ರಕ್ಷಣೆ ಪಡೆದ ಸಂಸ್ಥೆಯೇ ತನ್ನ ಕಾಯ್ದೆಗೆ ಕಟ್ಟುಬಿದ್ದಿದೆ ಎಂದಾದರೆ, ನಮ್ಮ ವಿಶ್ವವಿದ್ಯಾಲಯವು ತಾನೇ ಪ್ರಕಟಿಸಿದ ಅರ್ಹತೆಯ ಮೇಲೆ ಪರಿಶೀಲನೆಯ ದಿನ ಇನ್ನೊಂದು ಷರತ್ತನ್ನು ಹೇರುವುದು, ಸಹಾಯಕ ಆಯುಕ್ತರು ಕೊಟ್ಟ ಪ್ರಮಾಣಪತ್ರವನ್ನು ಮೇಜಿನಲ್ಲೇ ತಳ್ಳಿಹಾಕುವುದು ಹೇಗೆ ಸ್ವಾಯತ್ತತೆಯಾದೀತು ಎಂದು ಕೇಳಿದೆ. ವಿಳಂಬವಿಲ್ಲದೆ ಬಂದ, ತಪ್ಪಿಲ್ಲದ ವಿದ್ಯಾರ್ಥಿಗೆ ಬರೀ ಪರಿಹಾರಧನ ಸಾಲದೆಂದು 2019ರಲ್ಲಿ ವೈದ್ಯಕೀಯ ಪ್ರವೇಶದ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಕೃಷ್ಣ ಶ್ರದ್ಧಾ ತೀರ್ಪನ್ನೂ ಒದಗಿಸಿದೆ.

ಒಂದು ಸೀಟು ಖಾಲಿ ಇರಿಸುವಂತೆ ಮಧ್ಯಂತರ ಆದೇಶವಾಯಿತು. ಅಂತಿಮ ವಿಚಾರಣೆಗೆ ಮುನ್ನವೇ ವಿಶ್ವವಿದ್ಯಾಲಯ ಹಿಂಬರಹವನ್ನು ಹಿಂಪಡೆದು, ಪ್ರವೇಶ ನೀಡುವುದಾಗಿ ನ್ಯಾಯಾಲಯಕ್ಕೆ ಮೆಮೊ (ಲಿಖಿತ ಹೇಳಿಕೆ) ಸಲ್ಲಿಸಿತು. ಅಲ್ಲಿಗೇ ಅರ್ಜಿ ವಿಲೇವಾರಿಯಾಗುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ತರಗತಿಗಳು ಆರಂಭವಾಗಿದ್ದುದರಿಂದ, ತಡವಾಗಿ ಸೇರಿದ ಅವಧಿಯನ್ನು ಹಾಜರಾತಿಯ ಕೊರತೆಯೆಂದು ಎಣಿಸಿ ಪರೀಕ್ಷೆಗೆ ಕೂರಿಸದೆ ಇರಬಾರದೆಂಬ ಸಾಲನ್ನು ಆದೇಶದಲ್ಲಿ ಸೇರಿಸಬೇಕೆಂದು ಕೋರಿದೆ. ಪೀಠ ಒಪ್ಪಿತು, ವಿಶ್ವವಿದ್ಯಾಲಯದ ವಕೀಲರೂ ಆಕ್ಷೇಪಿಸಲಿಲ್ಲ.