ಪಾಂಡುವಿನ ಬಾಯಿಗೂ ಮಾತಿಗೂ ತಾಳ ಕೂಡಿದ್ದು

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಅಟ್ಟದಲ್ಲಿ ಇಪ್ಪತ್ತೆರಡು ವಿಎಚ್‌ಎಸ್ ಟೇಪುಗಳಿದ್ದವು. ಎಲ್ಲ ‘ಪಾ ಪ ಪಾಂಡು’ ಹಾಸ್ಯ ಧಾರಾವಾಹಿ. ಕಲರ್ಸ್ ಕನ್ನಡ ಇನ್ನೂ ಈಟೀವಿ ಆಗಿದ್ದ ಕಾಲದಲ್ಲಿ ಕೇಬಲ್ಲಿನಿಂದ ನಾನೇ ರೆಕಾರ್ಡ್ ಮಾಡಿದ್ದು. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಲು ಹೊರಟೆ. “ಯೂಟ್ಯೂಬಲ್ಲಿ ಸಿಗತ್ತಲ್ಲ ಮಾಮ, ಇದನ್ಯಾಕೆ ಕೆದಕ್ತೀರಿ?” ಅಂದ ಅಕ್ಕನ ಮಗ. ಚಿತ್ರದ ಕೆಳಗೆ ಮರಾಠಿಯಲ್ಲಿ ಓಡುವ ನಮ್ಮ ಕೇಬಲ್‌ನವನ ಸೀರೆ ಸೇಲಿನ ಪಟ್ಟಿ ಯೂಟ್ಯೂಬಲ್ಲಿ ಎಲ್ಲಿ ಸಿಗಬೇಕು?

ಮೊದಲ ವಿಸಿಆರ್ ಚೋರ್ ಬಜಾರಿನದು, ಮೂರೂವರೆ ಸಾವಿರ. ಎರಡನೇ ದಿನವೇ ಟೇಪು ನುಂಗಿತು. ಎಸ್-ವಿಡಿಯೊ (ಚಿತ್ರ ಇನ್ನಷ್ಟು ಶುದ್ಧವಾಗಿ ಹೊರಬರುವ ಕಿಂಡಿ) ಇರುವ ಎರಡನೆಯದಕ್ಕೆ ಆರು ಸಾವಿರದ ಹತ್ತಿರ. ಲ್ಯಾಮಿಂಗ್ಟನ್ ರೋಡಿನಿಂದ ಒಂಬೈನೂರರ ಕ್ಯಾಪ್ಚರ್ ಡಬ್ಬಿ, ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ತರುವಂಥದ್ದು. ಅದರ ಸಾಫ್ಟ್‌ವೇರ್ ನೇರ ಎಂಪೆಗ್-2ಗೆ, ಅಂದರೆ ಡಿವಿಡಿಯ ಫಾರ್ಮ್ಯಾಟಿಗೆ, ಕುಗ್ಗಿಸುತ್ತಿತ್ತು. ಚಿತ್ರ ಪರವಾಗಿಲ್ಲ. ಆದರೆ ಹತ್ತು ನಿಮಿಷ ಕಳೆದರೆ ಪಾಂಡು ಬಾಯಿ ಮುಚ್ಚಿದ ಮೇಲೆ ಮಾತು ಬರುತ್ತಿತ್ತು. ಚಿತ್ರ ಮಂಕಾಗಿದ್ದರೂ ನಗಬಹುದು. ಮಾತು ಅರ್ಧ ಸೆಕೆಂಡು ತಡವಾದರೆ ಮುಗೀತು, ಯಾರೂ ನಗುವುದಿಲ್ಲ.

ಮೂರು ವಾರ ಸುಮ್ನೆ ಫಾರ್ಮ್ಯಾಟ್ ಬದಲಿಸುತ್ತ ಕೂತೆ. ತಪ್ಪು ಅಲ್ಲಿರಲಿಲ್ಲ. ಹಳೇ ಟೇಪಿನ ಸಿಗ್ನಲ್ ನಡುಗುತ್ತದೆ, ಡಬ್ಬಿ ಫ್ರೇಮು ಬಿಡುತ್ತದೆ, ಆಡಿಯೊ ಮಾತ್ರ ತನ್ನ ಪಾಡಿಗೆ ಓಡುತ್ತದೆ. ನಡುವೆ ಒಂದು ಹಳೇ ಡಿವಿಡಿ ರೆಕಾರ್ಡರ್ ಸೇರಿಸಿದೆ. ರೆಕಾರ್ಡ್ ಮಾಡಲು ಅಲ್ಲ, ಸಿಗ್ನಲ್ ಅದರೊಳಗೆ ಹಾದು ಬರಲಿ ಅಂತ. ಗೆರೆಗಳು ನೆಟ್ಟಗಾದವು, ಫ್ರೇಮು ಬೀಳುವುದು ನಿಂತಿತು. ಯಾವ ಮಾಡೆಲ್ ಅಂತ ಮಾತ್ರ ಹೇಳಲ್ಲ. ನನಗೆ ಇನ್ನೊಂದು ಬೇಕು, ಬೆಲೆ ಏರಿದರೆ ಕಷ್ಟ. ಎಲ್ಲ ಸೇರಿ ಹದಿನಾಲ್ಕು ಸಾವಿರ ಆಗಿರಬಹುದು, ಹಾರ್ಡ್ ಡಿಸ್ಕ್ ಬಿಟ್ಟು. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

ಈಗ ಕ್ಯಾಪ್ಚರ್ ಎಫ್‌ಎಫ್‌ವಿ1ನಲ್ಲಿ (ಏನೂ ಕಳೆಯದೆ ಉಳಿಸುವ ಫಾರ್ಮ್ಯಾಟ್), 720×576, ಇಂಟರ್‌ಲೇಸ್ (ಒಂದು ಫ್ರೇಮಿನ ಸಮ-ಬೆಸ ಗೆರೆಗಳು ಎರಡು ಫೀಲ್ಡಾಗಿ ಸರದಿಯಲ್ಲಿ ಬರುವುದು) ಇದ್ದ ಹಾಗೇ. ಗಂಟೆಗೆ ಸುಮಾರು ಮೂವತ್ತು ಜಿಬಿ ನುಂಗುತ್ತದೆ. ನೋಡುವ ಪ್ರತಿ ಎಚ್.264 (ಎಲ್ಲೆಡೆ ಓಡುವ, ಕುಗ್ಗಿಸಿದ ಫಾರ್ಮ್ಯಾಟ್), ಗುಣಮಟ್ಟದ ಅಂಕಿ ಸಿಆರ್‌ಎಫ್ 17. ಡಿಇಂಟರ್‌ಲೇಸ್ ಮಾಡುವಾಗ, ಅಂದರೆ ಫೀಲ್ಡುಗಳನ್ನು ಪೂರ್ಣ ಚಿತ್ರ ಮಾಡುವಾಗ, ಎಲ್ಲರೂ ಸೆಕೆಂಡಿಗೆ 25 ಫ್ರೇಮಿಗೆ ಇಳಿಸು ಅಂದರು. ಇಳಿಸಿ ನೋಡಿದೆ, ಪಾಂಡುವಿನ ಗಡಿಬಿಡಿಯೇ ಸತ್ತು ಹೋಯಿತು. ವಿಡಿಯೊ ಕ್ಯಾಮೆರಾದ ಚಿತ್ರೀಕರಣ ಅಲ್ವಾ, ಸೆಕೆಂಡಿನ ಐವತ್ತೂ ಫೀಲ್ಡಿನಲ್ಲಿ ಬೇರೆ ಬೇರೆ ಚಲನೆ ಇದೆ. 50 ಇಟ್ಟೆ. ಚಿತ್ರದ 4:3 ಅಳತೆ ಮುಟ್ಟಲಿಲ್ಲ, ಎಳೆದರೆ ಎಲ್ಲರೂ ದಪ್ಪ ಆಗುತ್ತಾರೆ.

ಚಪಲಕ್ಕೆ ಒಂದು ಕಂತನ್ನು ಎಐ ಹಾಕಿ 4ಕೆ ಮಾಡಿದೆ. ರಾತ್ರಿಯಿಡೀ ಕಂಪ್ಯೂಟರ್ ಓಡಿತು. ಬೆಳಿಗ್ಗೆ ನೋಡಿದರೆ ಎಲ್ಲರ ಮುಖ ಮೇಣದ ಗೊಂಬೆ, ಒಬ್ಬರ ಮೀಸೆ ಕೆನ್ನೆಗೆ ಕರಗಿತ್ತು. ಅಳಿಸಿ ಹಾಕಿದೆ. ಎಚ್‌ಇವಿಸಿ ಎಂಬ ಹೊಸ ಫಾರ್ಮ್ಯಾಟಿನಲ್ಲಿ ಫೈಲು ಅರ್ಧಕ್ಕರ್ಧ ಇಳಿಯಿತು. ಆದರೆ ಅಪ್ಪನ ಹಳೇ ಟಿವಿ ಅದನ್ನು ಓದಲ್ಲ. ಅಪ್ಪ ನೋಡದಿದ್ದರೆ ಇಷ್ಟೆಲ್ಲ ಯಾರಿಗೆ?

ಹತ್ತೊಂಬತ್ತು ಟೇಪು ಮುಗಿದಿವೆ, ಎಲ್ಲೂ ಬಾಯಿ-ಮಾತಿನ ಸಿಂಕ್ ಕದಲಿಲ್ಲ. ಮೊನ್ನೆ ಅಕ್ಕನ ಮಗನೇ ಪೆನ್‌ಡ್ರೈವ್ ಹಿಡಿದು ಬಂದಿದ್ದ. ಉಳಿದ ಮೂರಕ್ಕೆ ಇಲ್ಲಿನ ಮಳೆಗಾಲದ ಬೂಷ್ಟು ಹಿಡಿದಿದೆ. ಗಣಪತಿ ಕಳೆದು ಹವೆ ಒಣಗುವ ತನಕ ಅವನ್ನು ಮುಟ್ಟುವುದಿಲ್ಲ.